ಬೂತಾಯಿ ಎಣ್ಣೆಯ ಗ್ಯಾಸ್ಕೆಟ್

ಆರು ಸಿಲಿಂಡರಿನ ಬೋಟ್ ಇಂಜಿನ್ನನ್ನು ನಡುಗಡಲಲ್ಲಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಬಿಚ್ಚಿ ಜೋಡಿಸಿದ ಮನುಷ್ಯನಿಗೆ ಒಂದು ಬೈಕಿನ ಸೈಲೆನ್ಸರ್ ಯಾವ ಲೆಕ್ಕ! ಮರವಂತೆಯ ಬೋಟ್ ಡ್ರೈವರ್ ಕುಷ್ಟ ಅಂಗಳದಲ್ಲಿ ನಿಂತು ಹೀಗೆಂದು ಘೋಷಿಸಿದಾಗ ಕೇಳಿಸಿಕೊಂಡವರು ಇಬ್ಬರೇ: ಬಟ್ಟೆ ಒಗೆಯುತ್ತಿದ್ದ ಹೆಂಡತಿ ಜಲಜ ಮತ್ತು ಒಂದು ಕೋಳಿ. ಕೋಳಿ ತಲೆಯೆತ್ತಿ ನೋಡಿತು. ಜಲಜ ಅದನ್ನೂ ಮಾಡಲಿಲ್ಲ.

ಅವನ ಬೈಕಿನಲ್ಲಿ ಇಂಜಿನ್ನಿಗೆ ಸೈಲೆನ್ಸರ್ ಪೈಪು ಕೂಡುವಲ್ಲಿ ಸಂದಿ ಮುಚ್ಚುವ ಬಳೆ, ಅಂದರೆ ಗ್ಯಾಸ್ಕೆಟ್, ಸುಟ್ಟುಹೋಗಿತ್ತು. ಹೊಗೆ ಹಿಂದಿನಿಂದ ಹೋಗುವ ಬದಲು ಮುಂದಿನಿಂದಲೇ ನುಗ್ಗಿ, ಗಾಡಿ ಪಟಪಟ ಬಡಿದುಕೊಳ್ಳುತ್ತಿತ್ತು. ಕುಷ್ಟ ಪಕ್ಕದೂರು ತ್ರಾಸಿ ಬಿಟ್ಟಾಗಲೇ ಜಲಜ ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದಳು, ಅಷ್ಟು ಸದ್ದು.

"ಹೆಮ್ಮಾಡಿ ಪಾಂಡು ಹತ್ರ ಕೊಡಿ. ನಾಳೆ ದೇವಸ್ಥಾನಕ್ಕೆ ಹೋಪುಕಿತ್ತ್" ಎಂದಳು ಜಲಜ.

"ಪಾಂಡುವಾ? ಅಂವ ಟಯರಿಗೆ ಗಾಳಿ ಹಾಕ್ತಾ ಕಲ್ತವ. ನಾನ್ ಇಂಜಿನ್ನಿನ ಹೊಟ್ಟಿಯೊಳಗೇ ಬೆಳ್ದವ."

ನಾಳೆಯ ಕಾರ್ಯಕ್ರಮ ಸಣ್ಣದಲ್ಲ. ಹೋದ ವರ್ಷ ಗಾಳಿಗೆ ಸಿಕ್ಕ ಬೋಟು ಒಂದು ದಿನ ತಡವಾಗಿ ದಡ ಸೇರಿದಾಗ ಜಲಜ ಹರಕೆ ಹೊತ್ತಿದ್ದಳು: ಮಳೆಗಾಲದಲ್ಲಿ ಬೋಟು ದಡ ಹತ್ತಿದ ಮೇಲೆ ಗಂಡ ನಲವತ್ತೆಂಟು ದಿನ ಮೀನು ತಿನ್ನುವುದಿಲ್ಲ, ಕೊನೆಯ ದಿನ ಶಂಕರನಾರಾಯಣ ದೇವಸ್ಥಾನದಲ್ಲಿ ಪೂಜೆ. ಹರಕೆ ಹೊತ್ತವಳು ಅವಳು, ಉಪವಾಸ ಬಿದ್ದವನು ಅವನು! ಆದರೂ ಕುಷ್ಟ ಗೆದ್ದಿದ್ದ. ಪಕ್ಕದ ಮನೆಯಲ್ಲಿ ಒಣಮೀನು ಸುಟ್ಟಾಗ ಕಿಟಕಿ ಹಾಕಿ, ಸೌತೆಕಾಯಿ ಹುಳಿಯನ್ನು ಕಣ್ಣುಮುಚ್ಚಿ ನುಂಗಿ, ನಲವತ್ತೇಳು ದಿನ ದಾಟಿಸಿದ್ದ. ಅಳಿಯ ಒಂದು ವಾರವೂ ತಡೆಯಲಾರ ಎಂದು ಬೈಂದೂರಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದ ಅತ್ತೆ ವನಜಮ್ಮನ ಎದುರು ನಾಳೆ ಎದೆಯೆತ್ತಿ ನಿಲ್ಲುವುದೊಂದೇ ಅವನ ಆಸೆ.

ನಟ್ಟು ಬಿಚ್ಚಿದ. ಹಳೆಯ ಗ್ಯಾಸ್ಕೆಟ್ ಹಪ್ಪಳದಂತೆ ಪುಡಿಯಾಗಿ ಉದುರಿತು. ಅಂಗಡಿಗೆ ಹೋಗಿ ಹೊಸ ಬಳೆ ತರುವುದು ಸಾಮಾನ್ಯರ ದಾರಿ. ಕುಷ್ಟ ಬೋಟಿನ ಹೊಗೆಪೈಪಿಗೆ ಸುತ್ತುವ, ಬಿಸಿ ತಡೆಯುವ ಹಗ್ಗವನ್ನು ತುಂಡು ಮಾಡಿ ಆ ಸಂದಿಗೆ ಅಳತೆ ಮಾಡಿದ. ಆಮೇಲೆ ಕೈ ತನ್ನ ಹಳೆಯ ಅಭ್ಯಾಸದಂತೆ ಮುಂದುವರಿಯಿತು. ದೋಣಿಯ ಹಲಗೆ ಸಂದಿಗೆ ನೂಲು ತುಂಬುವಾಗ ಯಾರಾದರೂ ಒಣ ನೂಲು ತುಂಬುತ್ತಾರೆಯೇ? ಮೀನೆಣ್ಣೆ ಬೇಡವೇ? ಹಗ್ಗವನ್ನು ಬೂತಾಯಿ ಮೀನಿನ ಎಣ್ಣೆಯಲ್ಲಿ ಅದ್ದಿ, ಸಾಲದೆಂದು ಇನ್ನೊಮ್ಮೆ ಅದ್ದಿ, ಸಂದಿಗೆ ತುರುಕಿ ನಟ್ಟು ಬಿಗಿದ. ಒಂದು ನಿಮಿಷ ಚಾಲೂ ಮಾಡಿದ.

"ಸದ್ದ್ ಎಂತಾರೂ ಕೇಂತಾ?" ಎಂದು ಜಲಜಳತ್ತ ತಿರುಗಿದ.

"ಎಂತದೂ ಕೇಂತಿಲ್ಲೆ."

"ಅದೇ ಕೆಲ್ಸ ಅಂದ್ರೆ!"

ಮರುದಿನ ಮಳೆ ಬಿಟ್ಟಿತ್ತು. ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಕುಷ್ಟ ಮಹಾರಾಜನಂತೆ ಹೊರಟ. ತ್ರಾಸಿಯಲ್ಲಿ ಜಲಜ ಮೂಗು ಅರಳಿಸಿ, ಯಾರೋ ಬೂತಾಯಿಯನ್ನು ಎಣ್ಣೆಯಲ್ಲಿ ಕಾಯಿಸುತ್ತಿದ್ದಾರೆ ಎಂದಳು. ಪಾಪ, ಅವರಿಗೆ ಹರಕೆ ಇಲ್ಲವಲ್ಲ ಎಂದ ಕುಷ್ಟ. ಹೆಮ್ಮಾಡಿಯಲ್ಲೂ ಕಾಯಿಸುತ್ತಿದ್ದರು. ಬಸ್ರೂರಿನಲ್ಲೂ ಕಾಯಿಸುತ್ತಿದ್ದರು. ಬೋಟುಗಳೆಲ್ಲ ದಡದಲ್ಲಿ ಮಲಗಿರುವಾಗ ಇಷ್ಟು ಊರಿಗೆ ಬೂತಾಯಿ ಎಲ್ಲಿಂದ ಬಂತೆಂದು ಜಲಜ ಕೇಳಿದಳು. ಕುಷ್ಟ ಗಾಡಿಯ ವೇಗ ಹೆಚ್ಚಿಸಿದ. ಯಾರದೋ ಮನೆಯ ಗೇಟು ದಾಟಿ ಬಂದ ಎರಡು ನಾಯಿಗಳು ಬಹಳ ದೂರ ಗೌರವದಿಂದ ಹಿಂಬಾಲಿಸಿದವು.

ದೇವಸ್ಥಾನದ ಹೊರಗೆ ವನಜಮ್ಮ ಬಸ್ಸಿನಲ್ಲಿ ಮೊದಲೇ ಬಂದು ಕಾಯುತ್ತಿದ್ದರು. ಅಳಿಯ ಹತ್ತಿರ ಬಂದು ಕೈಮುಗಿದ. ಅವರು ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಮೂಗಿಗೆ ಹಿಡಿದರು.

"ಕಡೀ ಒಂದ್ ದಿನ ಆರೂ ತಡ್ಕಂಬುಕೆ ಆಯ್ಲಿಲ್ಯಾ?"

ಕುಷ್ಟ ತನ್ನ ಅಂಗಿ ಮೂಸಿದ. ಹುರಿದ ಬೂತಾಯಿಯೇ! ತಿರುಗಿ ನೋಡಿದರೆ, ನಿಲ್ಲಿಸಿದ ಬೈಕಿನ ಸಂದಿಯಿಂದ ತೆಳ್ಳಗೆ ನೀಲಿ ಹೊಗೆ ಏಳುತ್ತಿತ್ತು. ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಇನ್ನು ನಿಜ ಹೇಳಿದರೆ ಹರಕೆ ಉಳಿಯುತ್ತದೆ, ಮರ್ಯಾದೆ ಹೋಗುತ್ತದೆ. ಸೈಲೆನ್ಸರಿಗೆ ಮೀನೆಣ್ಣೆ ಕುಡಿಸಿದ ಡ್ರೈವರ್ ಎಂದು ಗಂಗೊಳ್ಳಿ ಬಂದರಿನಲ್ಲಿ ಒಮ್ಮೆ ಹೆಸರು ಬಿದ್ದರೆ, ಸಾಯುವವರೆಗೆ ಅದೇ ಹೆಸರು. ಸುಳ್ಳು ಹೇಳಿದರೆ ಹೋಗುವುದು ನಲವತ್ತೆಂಟು ದಿನದ ತಪಸ್ಸು ಮಾತ್ರ. ಕುಷ್ಟ ಬೋಟಿನವನು. ಇಂಜಿನ್ನಿನ ಮರ್ಯಾದೆಯನ್ನೇ ಉಳಿಸಿಕೊಂಡ.

"ಹೌದ್ ಅತ್ತಿ. ಬೆಳಿಗ್ಗೆ ಎರಡ್ ತುಂಡ್ ತಿಂದೆ."

ಪೂಜೆ ನಿಂತಿತು. ಇವತ್ತಿನಿಂದ ಮತ್ತೆ ಒಂದು, ಎರಡು ಎಂದು ಎಣಿಸಿ ನಲವತ್ತೆಂಟು ಎಂದು ವನಜಮ್ಮ ತೀರ್ಪು ಕೊಟ್ಟರು. ಬೋಟು ನೀರಿಗಿಳಿಯಲು ಹತ್ತೇ ದಿನ ಇತ್ತು. ಇನ್ನು ರಾಶಿ ರಾಶಿ ತಾಜಾ ಮೀನಿನ ನಡುವೆ ನಿಂತು ಸೌತೆಕಾಯಿ ನೆನೆಯಬೇಕು. ಅದನ್ನಾದರೂ ತಡೆದಾನು. ಆದರೆ ಜಲಜ ಕಣ್ಣೊರೆಸಿಕೊಂಡದ್ದನ್ನು ನೋಡಿದಾಗ ಅವನಿಗೆ ನಿಜಕ್ಕೂ ಸಂಕಟವಾಯಿತು.

ಹಿಂತಿರುಗುವಾಗ ಹಗ್ಗ ಪೂರಾ ಸುಟ್ಟು ಗಾಡಿ ಮತ್ತೆ ಪಟಪಟ ಶುರು ಮಾಡಿತು. ಹೆಮ್ಮಾಡಿಯಲ್ಲಿ ಪಾಂಡುವಿನ ಗ್ಯಾರೇಜಿಗೆ ಹೋಗಲೇಬೇಕಾಯಿತು. ಪಾಂಡು ಇಕ್ಕಳದಲ್ಲಿ ಕಪ್ಪು ಹಗ್ಗ ಎಳೆದು ಮೂಸಿದ, ಇನ್ನೊಮ್ಮೆ ಮೂಸಿದ. ಆಮೇಲೆ ನೆಲಕ್ಕೆ ಕೂತು ನಕ್ಕ.

"ಕುಷ್ಟಣ್ಣ, ಇದನ್ನ ಬೂತಾಯಿ ಎಣ್ಣಿಯಗೆ ಅದ್ದಿರ್ಯಾ?"

ಜಲಜ ಹಗ್ಗ ನೋಡಿದಳು, ಗಂಡನ ಅಂಗಿ ನೋಡಿದಳು. "ಹಂಗಾರೆ ನೀವ್ ಮೀನ್ ತಿನ್ಲಿಲ್ಯಾ?"

"ದೇವರಾಣಿ ಇಲ್ಲೆ." ಮಾನ ಹೇಗೂ ಹೋಗಿತ್ತು, ಹರಕೆಯಾದರೂ ಉಳಿಯಿತಲ್ಲ ಎಂದು ಕುಷ್ಟ ಚುರುಕಾದ. ಇವತ್ತೇ ಅತ್ತೆಗೆ ಫೋನ್ ಮಾಡುವ, ನಾಳೆಯೇ ಪೂಜೆ ಮುಗಿಸುವ, ನಾಡಿದ್ದು ಒಣ ಬಂಗಡೆ ಮೀನು ತರುವ ಎಂದೆಲ್ಲ ಒಂದೇ ಉಸಿರಿಗೆ ಹೇಳಿದ. ಜಲಜಳ ಮುಖ ಅರಳಿತು. ಅಷ್ಟರಲ್ಲಿ ಪಾಂಡು ಹೊಸ ಬಳೆ ಕೂರಿಸಿ, ಐದು ನಿಮಿಷದಲ್ಲಿ ಕೆಲಸ ಮುಗಿಸಿ ಕೈ ಒರೆಸಿಕೊಂಡ. ಅವಳು ಹಿಂದೆ ಹತ್ತಿ ಕೂತು, ಸೆರಗು ಸರಿ ಮಾಡಿಕೊಂಡು, ನಿಧಾನವಾಗಿ ಹೇಳಿದಳು:

"ಫೋನ್ ನಾನೇ ಮಾಡ್ತೆ. ಮೀನ್ ತಿಂದವರಿಗೆ ನಲ್ವತ್ತೆಂಟ್ ದಿನ ಅಂದ್ರ್ ಅಮ್ಮ. ದೇವರ ಬಾಗ್ಲಗೆ ನಿಂತ್ ಸುಳ್ಳ್ ಹೇಳ್ದವರಿಗೆ ಎಷ್ಟ್ ದಿನ ಅಂದೇಳಿ ಅಮ್ಮನ ಹತ್ರವೇ ಕೇಂತೆ."