ಕಟಾಂಜನಕ್ಕೆ ತಲೆ ಕೊಟ್ಟವನು

ಎಲ್ಲಕ್ಕೂ ಕಾರಣ ‘ಬ್ಯಾಲಸ್ಟ್ರೇಡ್’ ಎಂಬ ಒಂದು ಪದ. ಕಟ್ಟಡಪದಗಳ ನಿಘಂಟು ಕಚೇರಿಯ ಗುಮಾಸ್ತ ಅದರ ಮುಂದೆ ‘ಕಟಾಂಜನ, ಮೆಟ್ಟಿಲ ಪಕ್ಕದ ಕಂಬಿ’ ಎಂದು ಬರೆದು ಕೈತೊಳೆದುಕೊಂಡಿದ್ದ. ಸಂಪಾದಕರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

“ಯಾವ ಕಂಬಿ ರೀ? ಕೈ ಇಡೋದಾ, ನಿಂತಿರೋದಾ? ಕಣ್ಣಾರೆ ನೋಡಿ ಬರೀರಿ. ಮಧ್ಯಾಹ್ನದೊಳಗೆ ಸರಿಯಾದ ಅರ್ಥ ಬರದಿದ್ರೆ ನಾಳೆಯಿಂದ ನಿಮಗೆ ಗೋದಾಮು!”

ಗೋದಾಮಿನ ತುಂಬ ಇಲಿಗಳು. ಗುಮಾಸ್ತನಿಗೆ ಇಲಿಯೆಂದರೆ ಹುಲಿ. ಓಡೋಡಿ ಮನೆಗೆ ಬಂದವನು ಕಟ್ಟಡದ ಮೆಟ್ಟಿಲ ಮೇಲೆ ಮೊಣಕಾಲೂರಿ, ಗಿಡ್ಡ ಕಂಬಗಳು ಹೊರಬದಿಯಲ್ಲಿ ಹೇಗೆ ಕೂತಿವೆಯೆಂದು ನೋಡಲು ಸಂದಿಯಲ್ಲಿ ತಲೆ ತೂರಿಸಿದ. ತಲೆ, ಮಾವನ ಮನೆಗೆ ಹೊರಟ ಅಳಿಯನಂತೆ ಸಲೀಸಾಗಿ ಹೋಯಿತು. ಅಳಿಯನಂತೆಯೇ ವಾಪಸು ಬರಲು ಒಪ್ಪಲಿಲ್ಲ.

ಕೂಗು ಕೇಳಿ ಹೆಂಡತಿ ಹೊರಬಂದಳು. “ಹೋದ ತಲೆ ಯಾಕ್ರೀ ಬರಲ್ಲ?”

“ಕಿವಿ ಬಿಡ್ತಿಲ್ಲ ಕಣೇ!”

“ನನ್ನ ಮಾತು ಒಂದು ದಿನಾನೂ ಒಳಗೆ ಬಿಡದ ಕಿವಿ, ಇವತ್ತು ನಿಮ್ಮನ್ನ ಹೊರಗೂ ಬಿಡ್ತಿಲ್ವಾ?”

ಕೆಳಮನೆಯ ಅಜ್ಜಿ ಬಂದು ಕಿವಿಗೆ ಎಣ್ಣೆ ಸುರಿದಳು. ಸುರಿದದ್ದು ಅತ್ತೆ ಎನ್ನುವವರೂ ಇದ್ದಾರೆ. ಅತ್ತೆಯಾಗಿದ್ದರೆ ಎಣ್ಣೆ ಕಾದಿರುತ್ತಿತ್ತು. ಮೇಲ್ಮನೆಯ ನಿವೃತ್ತ ಇಂಜಿನಿಯರು ಟೇಪು ಹಿಡಿದು ಸಂದಿಯನ್ನು ಅಳೆದರು.

“ತಲೆ ತೂರದಷ್ಟೇ ಸಂದಿ ಬಿಡ್ಬೇಕು ಅಂತ ನಿಯಮ. ನಿಂತು ಕಟ್ಟಿಸಿದ್ದು ನಾನೇ. ಇದರಲ್ಲಿ ತಲೆ ಸಿಕ್ಕೋಕೆ ಸಾಧ್ಯವೇ ಇಲ್ಲ!”

“ಹಾಗಾದ್ರೆ ಇದು ಯಾರ ತಲೆ ಸಾರ್?” ಎಂದು ಸಂದಿಯಲ್ಲಿದ್ದ ತಲೆಯೇ ಕೇಳಿತು.

ಎಲ್ಲರೂ ಸೇರಿ ಒಂದು ಕಂಬ ಎಳೆದರು. ಮೇಲಿನ ಕೈಗಂಬಿ ನಡುಗಿತು, ಕೆಳಗಿನ ಪಟ್ಟಿ ಕಿರುಗುಟ್ಟಿತು, ಗುಮಾಸ್ತ ಬೊಬ್ಬಿಟ್ಟ. ಅಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅರ್ಥ ಬರಲಿಲ್ಲವೆಂದು ಕೆರಳಿದ ಸಂಪಾದಕರು ತಾವೇ ಮೆಟ್ಟಿಲೇರಿ ಬಂದರು.

ಇಲಿಗಳನ್ನು ನೆನೆದ ಗುಮಾಸ್ತ ಕತ್ತು ಹೊರಳಿಸಲಾಗದೆ ಅಲ್ಲಿಂದಲೇ ಒದರಿದ: “ಸಾರ್, ಕಟಾಂಜನ ಅಂದ್ರೆ ಬರೀ ಕಂಬ ಅಲ್ಲ, ಬರೀ ಕೈಗಂಬಿನೂ ಅಲ್ಲ! ಕೆಳಗಿನ ಪಟ್ಟಿ, ನಡುವಿನ ಕಂಬಸಾಲು, ಮೇಲಿನ ಕೈಗಂಬಿ ಎಲ್ಲಾ ಸೇರಿ ಒಂದೇ ತಡೆ. ಒಂದನ್ನ ಎಳೆದ್ರೆ ಮಿಕ್ಕಿದ್ದು ಬಿಟ್ಟುಕೊಡಲ್ಲ!”

ಸಂಪಾದಕರ ಕಣ್ಣು ತೇವವಾಯಿತು. ಅವರೇ ಬಡಗಿಯನ್ನು ಕರೆಸಿ ಕೈಗಂಬಿ ಎತ್ತಿಸಿದರು. ಕೆಂಪಗಾದ ಕಿವಿಗಳೊಡನೆ ಹೊರಬಂದ ಗುಮಾಸ್ತ ಕೈಮುಗಿದ.

“ಹಾಗಾದ್ರೆ ಗೋದಾಮು ಇಲ್ವಾ ಸಾರ್?”

“ಛೆ! ನಿಮ್ಮಂಥವರನ್ನ ಗೋದಾಮಿಗೆ ಹಾಕೋದುಂಟಾ? ಒಳಹೊಕ್ಕು ಅರ್ಥ ತರೋರು ಸಿಗೋದೇ ಅಪರೂಪ,” ಎಂದು ಸಂಪಾದಕರು ಅವನ ಬೆನ್ನು ತಟ್ಟಿದರು. “ಇನ್ನು ಎಲ್ಲ ಪದಾನೂ ನೀವೇ ಹೀಗೇ ನೋಡಿ ಬರೀಬೇಕು. ‘ಬ’ ಮುಗೀತು. ನಾಳೆ ‘ಮ’ದಲ್ಲಿ ಮ್ಯಾನ್‌ಹೋಲ್ ಇದೆ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ.”