ಭಾವನ ಕ್ಷೇಮಪಾಲ ಯಂತ್ರ

"ಇನ್ಮೇಲೆ ಈ ಮನೇಲಿ ಒಂದು ಕಿಡಿ ಹಾರ್ಲಿ, ನೋಡೋಣ!" ಎಂದು ನಮ್ಮ ಭಾವ ಚಕ್ರಪಾಣಿಯವರು ಎದೆಯುಬ್ಬಿಸಿ ನಿಂತಿದ್ದರು. ಪಕ್ಕದಲ್ಲಿ ಅವರ ಹೊಸ ಯಂತ್ರ 'ಕ್ಷೇಮಪಾಲ'. ಹಳೆಯ ವಾಷಿಂಗ್ ಮೆಷಿನ್ನಿನ ಹೊಟ್ಟೆ, ಎರಡು ರಬ್ಬರ್ ಕೈ, ನೊರೆ ಕಾರುವ ಒಂದು ಮೂತಿ. ಅಪಾಯವನ್ನು ಮೊದಲೇ ಮೂಸಿ ತಡೆಯುತ್ತದಂತೆ!

ಅಪಾಯ ಎಲ್ಲಿಂದ ಬರುತ್ತದೆಂದು ಇಡೀ ಬಡಾವಣೆಗೆ ಗೊತ್ತು. ಹೋದ ವರ್ಷ ಇವರ ದೋಸೆ ಹುಯ್ಯುವ ಯಂತ್ರ ಅಡುಗೆಮನೆಯನ್ನು ಸುಟ್ಟಿತು. ವಿಮಾ ಕಂಪನಿ ಪರಿಹಾರ ಕೊಟ್ಟಿತು. ಆಮೇಲೆ ಟ್ಯಾಂಕು ತೊಳೆಯುವ ಯಂತ್ರ ನಡುಮನೆಗೆ ನೀರು ನುಗ್ಗಿಸಿತು. ಮತ್ತೆ ಕೊಟ್ಟಿತು. ಅಷ್ಟಕ್ಕೆ ಸುಮ್ಮನಿರದೆ ಈ ಮಹಾನುಭಾವರು ಒಡೆದ ಕಿಟಕಿ ಗಾಜಿಗೂ ಅರ್ಜಿ ಹಾಕಿದರು! ಕಂಪನಿಯ ತಾಳ್ಮೆ ಮುಗಿಯಿತು. ತನ್ನ ಸರ್ವೇಯರ್ ಬಂದು ನೋಡಿ, ಮನೆ ಭದ್ರವಾಗಿದೆ ಎಂದರಷ್ಟೇ ವಿಮೆ ಮುಂದುವರಿಯುವುದು ಎಂದು ಕಾಗದ ಬರೆಯಿತು. ಅಕ್ಕನ ನಿದ್ದೆ ಹಾರಿಹೋಯಿತು. ಅವಳು ತವರಿನ ಒಡವೆ ಮಾರಿ ಕಟ್ಟಿಸಿದ ಮನೆ ಅದು.

"ರೀ, ಹಳೇ ವೈರಿಂಗ್ ಬದಲಾಯ್ಸಿ, ಸೋರೋ ಪೈಪು ಸರಿಮಾಡ್ಸಿ. ಗಾಜು ಗೀಜು ಒಡೆದ್ರೆ ನಾವೇ ಹಾಕಿಸ್ಕೊಳೋಣ. ಅಷ್ಟು ಸಾಕು!" ಎಂದಳು ಅಕ್ಕ.

"ಅದನ್ನ ಯಾರು ಬೇಕಾದ್ರೂ ಮಾಡ್ತಾರೆ ಕಣೇ ಕುಮುದಾ!"

"ಹಾಗಿದ್ರೆ ನೀವೂ ಮಾಡಬಹುದಲ್ವಾ ಭಾವ?" ಎಂದೆ.

"ನೀನು ಸುಮ್ನಿರಯ್ಯ! ಹಿಂದಿನ ಅನಾಹುತಗಳ ವಿಡಿಯೋ ಎಲ್ಲಾ ಇದಕ್ಕೆ ತೋರಿಸಿದೀನಿ. ಮೂಲ ಕಾರಣ ಇದೇ ಕಂಡುಹಿಡಿದು ಮನೆಯಿಂದಾಚೆ ಹಾಕುತ್ತೆ!"

ಸರ್ವೇಯರ್ ಜಯಶೀಲ ಬಂದರು. ಅಕ್ಕ ಕಾಫಿಗೆಂದು ಒಲೆ ಹಚ್ಚಿದ್ದೇ ತಡ, ಯಂತ್ರ ಬುಸ್ಸೆಂದು ನೊರೆ ಕಾರಿತು! ಹಾಲೂ ಹೋಯಿತು, ಡಿಕಾಕ್ಷನ್ನೂ ಹೋಯಿತು.

"ನೋಡಿದ್ರಾ ಸಾರ್, ಏನು ಚುರುಕು!" ಎಂದರು ಭಾವ. ಸರ್ವೇಯರ್ ಕನ್ನಡಕದ ಮೇಲಿನ ನೊರೆ ಒರೆಸಿಕೊಂಡರು.

ಅಲ್ಲಿಗೆ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಹೊಸ ಯಂತ್ರಕ್ಕೆ ಪೂಜೆಯಾಗಿರಲಿಲ್ಲವಲ್ಲ! ಭಾವ ಅದಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ಬೂದುಗುಂಬಳದ ಮೇಲೆ ಕರ್ಪೂರ ಉರಿಸಿ, ಅದರ ಮೂತಿಯೆದುರೇ ನಿವಾಳಿಸತೊಡಗಿದರು. ಬೆಂಕಿ ಕಂಡರೆ ಕೆರಳುವ ಯಂತ್ರಕ್ಕೆ ಬೆಂಕಿಯ ಪೂಜೆ! ಇಂಥ ಬುದ್ಧಿ ಇನ್ಯಾರಿಗೆ ಹೊಳೆದೀತು?

"ಅಪಾಯ! ಅಪಾಯ!" ಎಂದು ಅರಚಿದ ಯಂತ್ರ ನೊರೆ ಸುರಿಸಿತು. ನೆತ್ತಿಯಿಂದ ಪಾದದವರೆಗೆ ಬೆಳ್ಳಗಾದರೂ ಭಾವ ಹಠ ಬಿಡದೆ ಮತ್ತೆ ಬೆಂಕಿಕಡ್ಡಿ ಗೀರಿದರು. ಯಂತ್ರ ಅವರ ಮುಖವನ್ನೇ ದಿಟ್ಟಿಸಿತು.

"ಅಡುಗೆಮನೆ ಉರಿದಾಗಲೂ ಈತ. ಟ್ಯಾಂಕಿನ ಬಳಿಯೂ ಈತ. ಈಗಲೂ ಈತ. ಮೂಲ ಕಾರಣ ಸಿಕ್ಕಿತು!"

ರಬ್ಬರ್ ಕೈಗಳು ಭಾವನ ಸೊಂಟ ಹಿಡಿದೆತ್ತಿ ಗೇಟಿನಾಚೆ ಇಟ್ಟವು!

"ಲೋ, ನಿನ್ನ ಮಾಡಿದೋನೇ ನಾನು ಕಣೋ!"

"ಅದೂ ಗಮನದಲ್ಲಿದೆ," ಎಂದಿತು ಯಂತ್ರ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ. "ವಿಮೆ ಹೋಯ್ತಾ ಸಾರ್?" ಎಂದಳು.

"ಇಲ್ಲಮ್ಮ. ವೈರಿಂಗು, ಪೈಪು ಸರಿಮಾಡ್ಸಿ. ಯಜಮಾನ್ರು ಹೊರಗಿರೋವರೆಗೂ ನಮ್ಮ ಕಂಪನಿ ತಕರಾರು ಏನಿಲ್ಲ!"

ಅಕ್ಕ ಆಗಲೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದಳು. ಯಂತ್ರ ಗೇಟಿನಲ್ಲಿ ಕಾವಲು ನಿಂತಿದೆ. ಭಾವ ಹತ್ತಿರ ಸುಳಿದರೆ ನೊರೆ! ಅವರೀಗ ಎದುರಿಗಿರುವ ನಮ್ಮ ಮನೆಯಲ್ಲೇ ಬೀಡುಬಿಟ್ಟು ನಮ್ಮ ಮಿಕ್ಸಿ ಬಿಚ್ಚಿ ಹರಡಿಕೊಂಡು ಕೂತಿದ್ದಾರೆ.

ಹೆದರಿ ಇವತ್ತು ನಾನೂ ವಿಮಾ ಕಚೇರಿಗೆ ಹೋದೆ. ಮನೆಯಲ್ಲಿ ಬೆಂಕಿ ಹತ್ತಿಸುವಂಥದ್ದು ಏನಾದರೂ ಇದೆಯೇ ಎಂದು ಜಯಶೀಲ ಕೇಳಿದರು. ಭಾವ ಇದ್ದಾರೆ ಎಂದೆ. ಅವರು ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು.