ಮೋಡದ ಪಂಚನಾಮೆ

ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಮೇ ತಿಂಗಳ ಎರಡನೇ ಮಂಗಳವಾರ ಮಧ್ಯಾಹ್ನ ಎರಡೂಕಾಲಿಗೆ ಬೈಲಹೊಂಗಲದ ಬಾಂಡ್ ರೈಟರ್ ರಘೋತ್ತಮರಾಯರು, ಅಣ್ಣನ ಪಾಲು ಬರೆದು ತಮ್ಮನ ಪಾಲು ಬರೆಯುವ ಮೊದಲೇ, ಆಸ್ತಿ ಪಾಲಿನ ವಾಟ್ನಿಪತ್ರ ಬಿಟ್ಟು ಎದ್ದರು. ಕಾರಣ, ದಕ್ಷಿಣದ ಆಕಾಶದಲ್ಲಿ ಒಂದು ಮೋಡ ಲಟ್ಟಣಿಗೆಯಂತೆ ಅಡ್ಡ ಮಲಗಿತ್ತು.

ರಾಯರ ಅಜ್ಜ ಹಳೆಯ ದಸ್ತಾವೇಜುಗಳ ಮೋಡಿ ಲಿಪಿ ಓದುತ್ತಿದ್ದರು. ಮೊಮ್ಮಗ ಮೋಡ ಓದಲು ಹಿಡಿದಿದ್ದರು. ಮೋಡವೀಕ್ಷಕರ ಸಂಘವೊಂದು ಅಪರೂಪದ ಮೋಡಗಳ ಪುಸ್ತಕ ಅಚ್ಚು ಹಾಕಿಸುವುದಿತ್ತು. ಪ್ರತಿ ಚಿತ್ರದ ನೆತ್ತಿಯ ಮೇಲೆ ಆ ಮೋಡ ಕಂಡವರ ಹೆಸರು, ದಪ್ಪ ಅಕ್ಷರದಲ್ಲಿ. ಮೂವತ್ತೊಂದು ವರ್ಷ ಕಂಡವರ ಹೆಸರನ್ನೆಲ್ಲ ಬರೆದ ರಾಯರಿಗೆ, ತಮ್ಮ ಹೆಸರೂ ಒಮ್ಮೆ ಕಾಗದದ ಮೇಲ್ಭಾಗಕ್ಕೆ ಏರಬೇಕೆಂಬ ಆಸೆ. ಹೋದ ವರ್ಷ ಇಂಥದೇ ಉರುಳೆಮೋಡದ ಫೋಟೋ ಕಳಿಸಿದ್ದರು. ಕಂಪ್ಯೂಟರಿನಲ್ಲಿ ಮಾಡಿದ್ದೆಂದು ಸಂಘ ತಳ್ಳಿಹಾಕಿತ್ತು. ಪುಸ್ತಕಕ್ಕೆ ಇವತ್ತೇ ಕಡೆಯ ದಿನ.

"ಬರೇ ಫೋಟೋ ಯಾರೂ ನಂಬೂದಿಲ್ಲೋ ಕಲ್ಮೇಶ," ಎಂದರು ಪಕ್ಕದ ಮೇಜಿನ ಸ್ಟಾಂಪ್ ಮಾರುವವನಿಗೆ. "ಈ ಸಲ ಪಂಚನಾಮೆ ಮಾಡಸ್ತೇನಿ."

"ಮೋಡದ್ದ? ಮಾಡಸ್ರಿ. ಹಂಗ ಸಿಡಿಲಿಂದೊಂದು ಹೆಬ್ಬಟ್ಟ ಒತ್ತಿಸ್ಕೊಂಡ ಬರ್ರಿ."

ಸ್ಕೂಟರು ದೊಡವಾಡದ ದಾರಿ ಹಿಡಿಯಿತು. ಅರ್ಧ ದಾರಿಯಲ್ಲಿ ನೆಲದಿಂದ ಸುತ್ತಿಕೊಂಡು ಮೇಲೇಳುವ ಮಹಾ ಸುಳಿಯೊಂದು ಕಂಡು ರಾಯರು ಸ್ಕೂಟರನ್ನು ಅತ್ತ ತಿರುಗಿಸಿದರು. ಹೊಲಗಳನ್ನು ಹಾಯ್ದು ಹತ್ತಿರ ಹೋದರೆ ಅದು ಇಟ್ಟಂಗಿ ಭಟ್ಟಿಯ ಹೊಗೆ. ಮುಂದೆ ಕುರಿಹಿಂಡು ಅಡ್ಡ ಬಂತು. ಮೇಲೆ ಲಟ್ಟಣಿಗೆ ಉರುಳುತ್ತಲೇ ಇತ್ತು, ಕೆಳಗೆ ಸ್ಕೂಟರು ನಿಂತೇ ಇತ್ತು. ಅಷ್ಟರಲ್ಲಿ ಹೆಂಡತಿ ಕಮಲಾಬಾಯಿಯ ಫೋನು.

"ಮೋಡ ನೋಡ್ಲಿಕ್ಕೆ ದೊಡವಾಡಕ್ಕ ಯಾಕ ಹೋಗಬೇಕ್ರಿ? ಮಾಳಿಗಿ ಮ್ಯಾಲೆ ಬರ್ರಿ. ಶಂಡಗಿ ಒಣಗಹಾಕೇನಿ, ಅದನ್ನರೆ ತಗದಂಗ ಆಗತದ."

ರಾಯರು ಬರುತ್ತೇನೆಂದರು, ಯಾವಾಗ ಎಂಬುದನ್ನು ಹೇಳಲಿಲ್ಲ.

ದೊಡವಾಡದ ಹೊರಗೆ ಕೊನೆಗೂ ಮೋಡ ನೆತ್ತಿಯ ಮೇಲೆ ಸಿಕ್ಕಿತು. ಕೆಳಗೆ ಎಮ್ಮೆ ಮೇಯಿಸುತ್ತಿದ್ದ ರಾಯಪ್ಪ, ಪಕ್ಕದ ಹೊಲದಲ್ಲಿ ಅವನ ಅತ್ತಿಗೆ ಸಿದ್ದಲಿಂಗವ್ವ. ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ರಾಯರು ಇಬ್ಬರನ್ನೂ ಪಂಚರನ್ನಾಗಿ ಮಾಡಿ, ಸ್ಕೂಟರಿನ ಸೀಟಿನ ಮೇಲೆ ಕಾಗದ ಹರಡಿದರು. ಪಂಚನಾಮೆ ಎಂದ ಮೇಲೆ ಚೆಕ್ಕುಬಂದಿ ಬೇಕು, ನಾಲ್ಕೂ ದಿಕ್ಕಿಗೆ ಏನೇನಿದೆ ಎಂದು. ಸದರಿ ಮೋಡದ ಪೂರ್ವಭಾಗವು ರಾಯಪ್ಪನ ಹೊಲದ ಮೇಲಿದೆ ಎಂದು ಬರೆದದ್ದೇ ತಡ, ಸಿದ್ದಲಿಂಗವ್ವ ಪೆನ್ನಿಗೆ ಕೈ ಅಡ್ಡ ಹಿಡಿದಳು.

"ಮೊದ್ಲ ಬಾಂದಿನ ಕಲ್ಲ ಕಿತ್ತ ನಮ್ಮ ಕಡೆ ಸರಸ್ಯಾನ. ಈಗ ಮೋಡಾನೂ ಅವನ ಹೊಲದಾಗ ಹಾಕ್ತೀರೇನ್ರಿ ರಾಯರ?"

"ಗಾಳಿ ಸರಸೈತಿ ಬೇ ಅತ್ತಿಗಿ," ಎಂದ ರಾಯಪ್ಪ. "ನಾ ಅಂತೂ ಮುಟ್ಟಿಲ್ಲ."

ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಜಗಳ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು. ಮೋಡ ಸರಿದಂತೆಲ್ಲ ಚೆಕ್ಕುಬಂದಿ ಹೊಡೆದುಹಾಕಿ ನಾಲ್ಕು ಸಲ ಬರೆದದ್ದಾಯಿತು. ಕಡೆಗೆ ಮೋಡದಲ್ಲಿ ಇಬ್ಬರಿಗೂ ಸಮಪಾಲು ಎಂದು ಸೇರಿಸಿದ ಮೇಲೆಯೇ ಒಬ್ಬನ ಸಹಿ, ಒಬ್ಬಳ ಹೆಬ್ಬಟ್ಟು ಬಿದ್ದವು. ದಪ್ಪ ಹನಿಯೂ ಬಿತ್ತು. ಅವಸರದಲ್ಲಿ ರಾಯರ ಕೈ ಪ್ರತಿ ದಸ್ತಾವೇಜಿಗೂ ಹಾಕುವ ವಾಡಿಕೆಯ ಕಡೆಯ ಸಾಲುಗಳನ್ನು ತನ್ನಷ್ಟಕ್ಕೆ ತಾನೇ ಬರೆದು ಸಹಿ ಹಾಕಿತು. ಕಾಗದ, ಮೋಡ ಎರಡರ ಫೋಟೋವನ್ನೂ ಅಲ್ಲಿಂದಲೇ ಸಂಘಕ್ಕೆ ಕಳಿಸಿ, ನೆನೆದ ಕಾಗೆಯಂತೆ ಮನೆ ಸೇರಿದರು. ಶಂಡಗಿ ಮರಳಿ ಹಿಟ್ಟಾಗಿತ್ತು. ಕಮಲಾಬಾಯಿ ಟವೆಲ್ ಎಸೆದರು.

ತಲೆ ಒರೆಸುತ್ತಿದ್ದಾಗ ಸಂಘದ ಕಾರ್ಯದರ್ಶಿ ಭರತನ ಫೋನು ಬಂತು. ಮೋಡ ಅಸಲಿ, ಪುಸ್ತಕಕ್ಕೆ ಆರಿಸಿದ್ದೇವೆ ಎಂದ. ರಾಯರು ಗಂಟಲು ಸರಿಮಾಡಿಕೊಂಡು, ತಂದೆಯ ಹೆಸರು, ಮನೆತನದ ಹೆಸರು ಎರಡೂ ಸೇರಿಸಿ ಹಾಕಲು ಹೇಳಿದರು.

"ಹೆಸರು ರಾಯಪ್ಪ, ಸಿದ್ದಲಿಂಗವ್ವ ಅವರದು ಬರತದರಿ," ಎಂದ ಭರತ.

"ಅಲ್ಲಪಾ, ಬೆನ್ನ ಹತ್ತಿ ಹೋದಾಂವ ನಾನು."

"ಖರೇನರಿ. ಆದ್ರ ತಾವ ಕಡೀಕ ಏನ ಬರದೀರಿ ನೋಡ್ರಿ. 'ಪಂಚರು ಕಣ್ಣಾರೆ ಕಂಡು ಹೇಳಿದ್ದನ್ನು ಹೇಳಿದಂತೆಯೇ ಬರೆದಿರುತ್ತೇನೆ. ಸದರಿ ವಿಷಯದಲ್ಲಿ ಬರೆದವನಿಗೆ ಸ್ವಂತ ತಿಳುವಳಿಕೆಯಾಗಲಿ, ಹಕ್ಕಾಗಲಿ ಇರುವುದಿಲ್ಲ.' ಕೆಳಗ ಸಹೀನೂ ತಮ್ಮದ ಅದರಿ."

ರಾಯರು ಒದ್ದೆ ಕಾಗದವನ್ನು ದೀಪದ ಕೆಳಗೆ ಹಿಡಿದು, ಎಲ್ಲಾದರೂ ಸಂದಿ ಸಿಕ್ಕೀತೇ ಎಂದು ಮೂರು ಸಲ ಓದಿದರು. ಸಿಗಲಿಲ್ಲ. ಮುರಿಯಲು ಬರುವಂಥ ಕಾಗದವನ್ನು ಅವರು ಬರೆದವರೇ ಅಲ್ಲ.